ಧನು ತಿಂಗಳ ಹದಿನೇಳು ಡಿಗ್ರಿ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹಾಗಿದ್ದೂ ದೇವರು ನನಗೆ ಕಾಯುವ ಕೆಲಸವನ್ನೇ ಕೊಟ್ಟ. ಸುಳ್ಯದಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹೊಯ್ದ ಮೇಲೆ ಅದು ಒಣಗುವವರೆಗೆ ಮಾಡಲು ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಬೇರೆಯವರು ಬೀಡಿ ಸೇದುತ್ತಾರೆ, ಪೇಪರು ಓದುತ್ತಾರೆ. ನಾನು ಫೋನು ತೆಗೆದು ಹವಾಮಾನದ ಮಾದರಿಗಳನ್ನು ನೋಡುತ್ತೇನೆ.

ಮಾದರಿ ಎಂದರೆ ದೊಡ್ಡ ಕಂಪ್ಯೂಟರುಗಳು ಇಡೀ ಭೂಮಿಯ ಗಾಳಿಯನ್ನು ಲೆಕ್ಕ ಹಾಕಿ ನಾಳೆ, ನಾಡಿದ್ದು ಏನಾಗುತ್ತದೆ ಎಂದು ಹೇಳುವುದು. ಅಮೆರಿಕದವರದ್ದು ಒಂದು, ಯುರೋಪಿನವರದ್ದು ಒಂದು, ಜರ್ಮನಿಯವರದ್ದು ಇನ್ನೊಂದು. ನನ್ನ ಫೋನಿನಲ್ಲಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಲೆಕ್ಕ ದಿನಕ್ಕೆ ಕೆಲವು ಸಲ ಹೊಸದಾಗಿ ಬರುತ್ತದೆ. ಬೆಳಿಗ್ಗೆ ಅಮೆರಿಕ ಹೇಳಿದ್ದನ್ನು ಮಧ್ಯಾಹ್ನ ಯುರೋಪು ಅಲ್ಲವೆನ್ನುತ್ತದೆ, ಸಂಜೆ ಅಮೆರಿಕವೇ ತನ್ನ ಮಾತು ಬದಲಿಸುತ್ತದೆ. ಜರ್ಮನಿ ಹೆಚ್ಚಾಗಿ ಇಬ್ಬರ ನಡುವೆ ಎಲ್ಲೋ ನಿಂತಿರುತ್ತದೆ. ಮೂವರ ಜಗಳ ನೋಡುವುದರಲ್ಲಿ ನನಗೆ ಸಿಗುವ ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಪುತ್ತೂರು, ಸುಳ್ಯ, ಕಡಬದ ನಮ್ಮಂಥ ಹುಚ್ಚರದ್ದೊಂದು ವಾಟ್ಸಾಪ್ ಗುಂಪು ಉಂಟು. ಮಳೆಗಾಲದಲ್ಲಿ ಬೆಳಿಗ್ಗೆ ಏಳರೊಳಗೆ ಎಲ್ಲರೂ ಅವರವರ ಮನೆಯ ಮಳೆ ಎಷ್ಟು ಮಿಲಿಮೀಟರು ಎಂದು ಹಾಕಬೇಕು. ಆ ಗುಂಪಿನಲ್ಲಿ ನಾನು ಸ್ವಲ್ಪ ದೊಡ್ಡ ಜನ. ಮಳೆ ಅಳೆಯುವ ಪಾತ್ರೆಯನ್ನು ಮನೆಯ ಮಾಡಿನ, ಎಂದರೆ ಸೂರಿನ, ಹತ್ತಿರ ಇಟ್ಟವರನ್ನು, ತೆಂಗಿನ ಮರದ ಬುಡದಲ್ಲಿ ಇಟ್ಟವರನ್ನು ನಾನು ಎಲ್ಲರೆದುರು ಬಯ್ದದ್ದುಂಟು. "ಅಳತೆ ಮಾಡುದಾದ್ರೆ ಸರಿ ಮಾಡಿ, ಇಲ್ಲದಿದ್ರೆ ಸುಮ್ಮನೆ ಕೂತ್ಕೊಳ್ಳಿ" ಎಂದು ಒಬ್ಬ ನಿವೃತ್ತ ಅಧಿಕಾರಿಗೇ ಬರೆದಿದ್ದೆ. ಅವರು ಗುಂಪು ಬಿಟ್ಟು ಹೋದರು.

ಚಳಿಗಾಲದಲ್ಲಿ ಗುಂಪು ಮಲಗಿಬಿಡುತ್ತದೆ. ಅದನ್ನು ನನಗೆ ತಡೆದುಕೊಳ್ಳಲಾಗದು. ಅದಕ್ಕೇ ಈ ಸಲ ನವೆಂಬರಿನ ಕೊನೆಗೆ ಪುತ್ತೂರಿಗೆ ಹೋದವನು ಒಂದು ಒಳ್ಳೆಯ ಥರ್ಮಾಮೀಟರು ತಂದೆ. ಮಳೆ ಇಲ್ಲದಿದ್ದರೆ ಚಳಿಯನ್ನೇ ಅಳೆಯುವುದು, ಮೂರು ಮಾದರಿಗಳಲ್ಲಿ ನಮ್ಮ ಊರಿನ ಚಳಿಯನ್ನು ಯಾವುದು ಸರಿಯಾಗಿ ಹೇಳುತ್ತದೆ ಎಂದು ಕಂಡುಹಿಡಿಯುವುದು ಎಂದು ತೀರ್ಮಾನಿಸಿದೆ. ಅದರ ಮೇಲೆ ಬಿಸಿಲು ಬೀಳಬಾರದು, ಇಬ್ಬನಿ ಬೀಳಬಾರದು, ಆದರೆ ಗಾಳಿ ಆಡಬೇಕು. ಮರ್ಕಂಜದ ಕಡೆಯ ನಮ್ಮ ಮನೆಗೆ ಮೂರು ಸುತ್ತು ಹೊಡೆದು, ಹಿತ್ತಲಲ್ಲಿ ಬಡಗು ದಿಕ್ಕಿನ ಗೋಡೆಯನ್ನು ಆರಿಸಿದೆ. ಮಾಡು ಮುಂದೆ ಚಾಚಿತ್ತು, ಮೊದಲೇ ಒಂದು ಮೊಳೆಯೂ ಇತ್ತು. ಅದು ಬಚ್ಚಲಿನ ಗೋಡೆ.

ಡಿಸೆಂಬರಿನ ಮೊದಲ ಎರಡು ವಾರ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ನೋಡಿ ಪುಸ್ತಕದಲ್ಲಿ ಬರೆದೆ. ಯುರೋಪಿನ ಮಾದರಿ ಹೇಳಿದ್ದಕ್ಕೂ ನನ್ನ ಥರ್ಮಾಮೀಟರಿಗೂ ಅರ್ಧ ಡಿಗ್ರಿಯ ವ್ಯತ್ಯಾಸವಿದ್ದರೆ ಹೆಚ್ಚು. ಅಮೆರಿಕದ್ದು ಯಾವಾಗಲೂ ಎರಡು ಮೂರು ಡಿಗ್ರಿ ಬೆಚ್ಚಗೆ ಹೇಳುತ್ತಿತ್ತು. ಅದು ಸಹಜವೇ. ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ, ಅಮೆರಿಕದ್ದರ ಚೌಕಗಳು ದೊಡ್ಡವು. ನಮ್ಮ ಗುಡ್ಡ, ಕಣಿವೆ, ಹೊಳೆಬದಿ ಎಲ್ಲವನ್ನೂ ಒಂದೇ ಬಯಲು ಎಂದು ತಿಳಿದು ಲೆಕ್ಕ ಹಾಕುತ್ತದೆ.

ಆಮೇಲೆ ಚಳಿ ಜೋರಾಯಿತು. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸುಗಳಲ್ಲಿ ಎಲ್ಲ ಕಿಟಕಿಯೂ ಮುಚ್ಚಿತು, ಅಂಗಡಿಗೆ ಬರುವವರು ತಲೆಗೆ ಮಫ್ಲರು ಸುತ್ತಿಕೊಂಡು ಬಂದರು. ವಿಚಿತ್ರವೆಂದರೆ ಅಲ್ಲಿಂದ ಲೆಕ್ಕ ತಿರುಗಾಮುರುಗಾ ಆಯಿತು. ಯುರೋಪು ಹದಿನೈದು ಎನ್ನುತ್ತಿತ್ತು, ಹದಿನಾಲ್ಕು ಎನ್ನುತ್ತಿತ್ತು. ನನ್ನ ಥರ್ಮಾಮೀಟರು ಹದಿನೇಳಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅಮೆರಿಕ ಹೇಳಿದ್ದು ಚಾಚೂ ತಪ್ಪದೆ ಬರತೊಡಗಿತು. ಬದಲಾದದ್ದು ಸಂಕ್ರಮಣದ ಮರುದಿನದಿಂದ, ಧನು ತಿಂಗಳು ಹಿಡಿದ ದಿನದಿಂದ. ಅದನ್ನೂ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡೆ.

ಆ ಒಂದು ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಯಾಕೆ ಹೀಗಾಯಿತು ಎಂದು ತಲೆ ಕೆಡಿಸಿಕೊಂಡೆ. ಕೊನೆಗೊಂದು ಸಿದ್ಧಾಂತ ಹೊಳೆಯಿತು. ಧನು ತಿಂಗಳಲ್ಲಿ ಘಟ್ಟದಿಂದ ಇಳಿಯುವ ಗಾಳಿ ಜೋರು. ಇಳಿದು ಬರುವ ಗಾಳಿ ಬೆಚ್ಚಗಾಗುತ್ತದೆ. ಯುರೋಪಿನವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗುಂಪಿನಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಹತ್ತಿಪ್ಪತ್ತು ಹೆಬ್ಬೆರಳುಗಳು ಬಂದವು. ನನ್ನಷ್ಟಕ್ಕೆ ನಾನು ಎರಡಂಗುಲ ಎತ್ತರವಾದೆ.

ಕಡಬದ ಮಾಷ್ಟ್ರು ಮಾತ್ರ ಹೆಬ್ಬೆರಳು ಒತ್ತಲಿಲ್ಲ. ಅವರು ಗುಂಪಿನ ಹಿರಿಯರು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರು ಗುಂಪಿನಲ್ಲಿ ಬರೆಯದೆ ನನಗೇ ಫೋನು ಮಾಡಿದರು.

"ನಮ್ಮಲ್ಲಿ ಹದಿನಾಲ್ಕೂವರೆ ಉಂಟು ಮಾರಾಯ್ರೆ. ನಿಮ್ಮಲ್ಲಿ ಮಾತ್ರ ಎಂತ ಹದಿನೇಳು?"

"ನಿಮ್ಮದು ಹೊಳೆಬದಿ ಮಾಷ್ಟ್ರೆ. ಅಲ್ಲಿ ಚಳಿ ನಿಲ್ತದೆ."

"ನಿಮ್ಮದು ಎಂತ ಗುಡ್ಡದ ತಲೆಯಾ? ಒಮ್ಮೆ ಥರ್ಮಾಮೀಟರು ಬೇರೆ ಕಡೆ ಇಟ್ಟು ನೋಡಿ."

"ನಾನು ಇಟ್ಟ ಜಾಗ ಸರಿ ಉಂಟು. ಬಿಸಿಲು ಇಲ್ಲ, ಎಂತದೂ ಇಲ್ಲ" ಎಂದು ಸ್ವಲ್ಪ ಸಿಡುಕಿಯೇ ಹೇಳಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ಯಾರು ತೋರಿಸಬೇಕು? ಅವರು ನಕ್ಕು ಫೋನಿಟ್ಟರು.

ಇಷ್ಟೇ ಆಗಿದ್ದರೆ ಇದು ನನ್ನ ಹುಚ್ಚಿನ ಕತೆ ಆಗಿ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯಿಂದ ಎರಡು ಗದ್ದೆ ಆಚೆಗಿನ, ನಾನು ಅಕ್ಕ ಎಂದೇ ಕರೆಯುವ ನೆರೆಮನೆಯವರು ಆ ವಾರವೇ ಕೋಳಿಮರಿ ತರಿಸಿದರು. ಅಕ್ಕನ ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದಾರೆ. ಜಾಗ ಗಂಡನ ತಮ್ಮನ, ಅಂದರೆ ಅಕ್ಕನ ಮೈದುನನ, ಹೆಸರಿನಲ್ಲಿದೆ. ಅಲ್ಲಿ ಒಂದು ಶೆಡ್ಡು ಕಟ್ಟಿ ಕೋಳಿ ಸಾಕುತ್ತೇನೆ ಎಂದು ಅಕ್ಕ ಎರಡು ವರ್ಷ ಮೈದುನನ ಹಿಂದೆ ಬಿದ್ದಿದ್ದರು. ಅವನಿಗೆ ಅದೇ ಜಾಗದಲ್ಲಿ ರಬ್ಬರ್ ಶೀಟಿಗೆ ಹೊಗೆ ಹಾಕುವ ಗೂಡು ಕಟ್ಟಬೇಕಿತ್ತು. ಕೊನೆಗೆ, "ಒಂದು ಬ್ಯಾಚ್ ನೋಡುವ. ಸರಿ ಆಗದಿದ್ರೆ ಶೆಡ್ಡು ನಂಗೆ" ಎಂದು ಒಪ್ಪಿದ್ದ. ಊರಿಗೆಲ್ಲ ಅದು ಗೊತ್ತಿತ್ತು.

ಬುಧವಾರ ಮುನ್ನೂರು ಮರಿ ಬಂದವು, ಹುಟ್ಟಿ ಒಂದೇ ದಿನದವು. ಸಂಜೆ ನಾನು ಅಂಗಡಿಯಿಂದ ಬರುವಾಗ ಅಕ್ಕ ದಾರಿಯಲ್ಲೇ ನನ್ನನ್ನು ನಿಲ್ಲಿಸಿ ಕರೆದುಕೊಂಡು ಹೋಗಿ ತೋರಿಸಿದರು. ತಗಡನ್ನು ದುಂಡಗೆ ನಿಲ್ಲಿಸಿ, ಒಳಗೆ ಉಮಿ ಹರಡಿ, ಮೇಲೆ ನಾಲ್ಕು ಬಲ್ಬು ಇಳಿಬಿಟ್ಟಿದ್ದರು. ಹಳದಿ ಮರಿಗಳು ಬಲ್ಬಿನ ಕೆಳಗೆ ಚಿಯ್ ಚಿಯ್ ಎಂದು ಓಡಾಡುತ್ತಿದ್ದವು. ಅಕ್ಕನ ಮುಖದಲ್ಲಿ ಅಂಥ ಖುಷಿಯನ್ನು ನಾನು ಮೊದಲು ಕಂಡಿರಲಿಲ್ಲ.

"ಅಣ್ಣ, ನಿಮ್ಮತ್ರ ಒಂದು ಕೇಳ್ಲಿಕ್ಕುಂಟು" ಎಂದರು. "ಮರಿ ಕೊಟ್ಟವ್ರು ಹೇಳಿದ್ದಾರೆ, ಹದಿನಾರಕ್ಕಿಂತ ಕೆಳಗೆ ಚಳಿ ಹೋಗುದಾದ್ರೆ ಬಲ್ಬು ಸಾಲುದಿಲ್ಲ, ಬಕೆಟಲ್ಲಿ ಕೆಂಡ ಇಡ್ಬೇಕು ಅಂತ. ಸುಮ್ಮಸುಮ್ಮನೆ ಇಟ್ರೆ ಹೊಗೆಗೆ ಮರಿಗೆ ಉಸಿರು ಕಟ್ತದಂತೆ. ಈ ವಾರ ಹದಿನಾರಕ್ಕಿಂತ ಕೆಳಗೆ ಹೋಗ್ಲಿಕ್ಕುಂಟಾ?"

ಇಂಥ ಪ್ರಶ್ನೆಗೇ ನಾನು ವರ್ಷಗಟ್ಟಲೆ ಕಾದಿದ್ದೆ. ಗುಂಪಿನವರ ಹೆಬ್ಬೆರಳು ಬೇರೆ, ಒಬ್ಬರು ಎದುರು ನಿಂತು ನಿಮ್ಮ ಮಾತಿನ ಮೇಲೆ ನಾನು ನಡೆಯುತ್ತೇನೆ ಎನ್ನುವುದು ಬೇರೆ. ಫೋನು ತೆಗೆದು ಮೂರೂ ಮಾದರಿಗಳನ್ನು ತೋರಿಸಿದೆ. ಯುರೋಪಿನದ್ದು ನೀಲಿ ಬಣ್ಣ ಬಳಿದು ಶನಿವಾರ ಬೆಳಿಗ್ಗೆ ಹದಿಮೂರೂವರೆ ಎನ್ನುತ್ತಿತ್ತು. ಜರ್ಮನಿ ಹದಿನೈದು, ಅಮೆರಿಕ ಹದಿನೇಳು. ಅಕ್ಕ ನೀಲಿಯನ್ನು ನೋಡಿ ಹೆದರಿದರು.

"ಅದು ಲೆಕ್ಕಕ್ಕಿಲ್ಲ ಅಕ್ಕ. ನಾನು ದಿನಾ ಅಳೆದು ನೋಡಿದ್ದೇನೆ. ನಮ್ಮ ಊರಿಗೆ ಧನು ತಿಂಗಳಲ್ಲಿ ಅಮೆರಿಕದ್ದೇ ಸರಿ. ಕೆಂಡ ಬೇಡ."

"ನೀವು ಹೇಳಿದ ಮೇಲೆ ಆಯ್ತು" ಎಂದರು ಅಕ್ಕ.

ಗುರುವಾರ, ಶುಕ್ರವಾರ ನನಗೆ ಅಂಗಡಿಯಲ್ಲಿ ಕೈ ಓಡಲಿಲ್ಲ. ಯುರೋಪಿನ ಲೆಕ್ಕ ಸಲಸಲಕ್ಕೂ ಕೆಳಗಿಳಿಯುತ್ತಿತ್ತು. ಹದಿಮೂರೂವರೆ ಇದ್ದದ್ದು ಹದಿಮೂರಾಯಿತು. ಅಮೆರಿಕವೂ ಅರ್ಧ ಡಿಗ್ರಿ ಇಳಿಸಿ ಹದಿನಾರೂವರೆಗೆ ಬಂತು. ಶುಕ್ರವಾರ ಮಧ್ಯಾಹ್ನ ಒಂದು ಪಂಪಿಗೆ ತಂತಿ ಸುತ್ತುತ್ತಾ ಸುತ್ತು ತಪ್ಪಿ, ಇಡೀ ಕೆಲಸ ಬಿಚ್ಚಿ ಮತ್ತೆ ಮಾಡಬೇಕಾಯಿತು. ಒಳಗೊಳಗೆ ಹೆದರಿಕೆ ಆಗುತ್ತಿತ್ತು. ಅಕ್ಕನಿಗೊಂದು ಫೋನು ಮಾಡಿ, "ಯಾವುದಕ್ಕೂ ಕೆಂಡ ಒಂದು ಇಡಿ" ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಹಾಗೆ ಹೇಳಿದರೆ ನನ್ನ ಸಿದ್ಧಾಂತವನ್ನು ನಾನೇ ನಂಬಲಿಲ್ಲ ಎಂದಾಗುತ್ತಿತ್ತು. ಆ ಹೆದರಿಕೆಯನ್ನು ತಳ್ಳಿಹಾಕಲಿಕ್ಕೆಂದೇ ರಾತ್ರಿ ಹತ್ತಕ್ಕೆ ಅಕ್ಕನಿಗೆ ಒಂದು ಮೆಸೇಜು ಕಳಿಸಿದೆ: "ನಾಳೆ ಬೆಳಿಗ್ಗೆ ಹದಿನೇಳು. ಧೈರ್ಯವಾಗಿರಿ." ಅರ್ಧ ಡಿಗ್ರಿಯನ್ನು ನಾನೇ ಸೇರಿಸಿದ್ದೆ.

ಶನಿವಾರ ಆರಕ್ಕೆ ಹಿತ್ತಲಿಗೆ ಹೋಗಿ ನೋಡಿದರೆ ಥರ್ಮಾಮೀಟರಿನಲ್ಲಿ ಹದಿನೇಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಲ್ಲೇ ನಿಂತು ಫೋಟೋ ತೆಗೆದು ಗುಂಪಿಗೆ ಹಾಕಿದೆ. "ಯುರೋಪಿನವರು ಈಗ ಎಂತ ಹೇಳ್ತಾರೆ?" ಎಂದೂ ಬರೆದೆ. ಆ ಗೋಡೆಯ ಹತ್ತಿರ ನಿಂತಾಗ ಮೈಗೆ ಹಿತವಾಗಿಯೇ ಇತ್ತು. ಹದಿಮೂರು ಡಿಗ್ರಿಯಲ್ಲಿ ಹೀಗಿರಲು ಸಾಧ್ಯವೇ ಎಂದು ನನಗೆ ನಾನೇ ಹೇಳಿಕೊಂಡೆ.

ಚಹಾ ಕುಡಿಯುವ ಮೊದಲೇ ಅಕ್ಕನ ಫೋನು ಬಂತು. "ಬನ್ನಿ ಅಣ್ಣ, ಒಮ್ಮೆ ಬನ್ನಿ" ಎಂದಷ್ಟೇ ಕೇಳಿಸಿತು.

ಗದ್ದೆಯ ಹುಣಿಯಲ್ಲಿ, ಆ ಸಪೂರ ಬದುವಿನ ಮೇಲೆ, ಓಡುವಾಗ ಕಾಲು ಮೊಣಕಾಲಿನವರೆಗೆ ಇಬ್ಬನಿಗೆ ಒದ್ದೆಯಾಯಿತು. ಶೆಡ್ಡಿನೊಳಗೆ ಮರಿಗಳು ತಗಡಿನ ಒಂದು ಬದಿಗೆ ಒಂದರ ಮೇಲೊಂದು ಹತ್ತಿ ರಾಶಿ ಬಿದ್ದಿದ್ದವು. ಚಳಿಯಾದರೆ ಅವು ಮಾಡುವುದೇ ಹಾಗೆ, ಬೆಚ್ಚಗಾಗಲು ಒಂದರ ಅಡಿಗೆ ಒಂದು ನುಗ್ಗುತ್ತವೆ, ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಅಕ್ಕ ಮಂಡಿಯೂರಿ ಕೂತು ರಾಶಿಯನ್ನು ಬಿಡಿಸುತ್ತಿದ್ದರು. ಬದುಕಿದ್ದನ್ನು ಬಲ್ಬಿನ ಕೆಳಗೆ, ಸತ್ತದ್ದನ್ನು ಗೋಣಿಯ ಮೇಲೆ ಇಡುತ್ತಿದ್ದರು. ಗೋಣಿಯ ಮೇಲೆ ಅರುವತ್ತೆರಡು ಮರಿಗಳಿದ್ದವು.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಶೆಡ್ಡಿನ ಹೊರಗಿನ ಕಂಬದಲ್ಲಿ ಮರಿ ಕೊಟ್ಟವರು ತೂಗುಹಾಕಿದ್ದ ಸಣ್ಣ ಥರ್ಮಾಮೀಟರೊಂದಿತ್ತು. ಅದರಲ್ಲಿ ಹದಿಮೂರೂವರೆ ಇತ್ತು. ನಾನು ಅಕ್ಕನ ಜೊತೆ ಕೂತು ಒಂದು ಮರಿಯನ್ನೂ ಎತ್ತಲಿಲ್ಲ. "ಇದು ಸರಿ ಇಲ್ಲ ಅಕ್ಕ, ಪುಕ್ಕಟೆ ಕೊಟ್ಟ ಮಾಲು. ನಮ್ಮಲ್ಲಿ ಈಗ ಹದಿನೇಳು ಉಂಟು. ಮರಿಗೆ ಬೇರೆ ಎಂತದೋ ರೋಗ ಆಗಿರ್ಬೇಕು" ಎಂದೆ. ಅಕ್ಕ ತಲೆ ಎತ್ತಿ ನೋಡಿ, ಮತ್ತೆ ರಾಶಿಗೆ ಕೈ ಹಾಕಿದರು. "ಒಂದು ನಿಮಿಷ, ತೋರಿಸ್ತೇನೆ" ಎಂದು ನನ್ನ ಥರ್ಮಾಮೀಟರು ತರಲು ಮನೆಗೆ ಓಡಿದೆ.

ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದು ಗದ್ದೆಗೆ ಇಳಿದೆ. ನೋಡುತ್ತಾ ನಡೆದೆ. ಕೆಂಪು ಗೆರೆ ಇಳಿಯತೊಡಗಿತು. ಮೊದಲ ಗದ್ದೆ ದಾಟುವಾಗ ಹದಿನೈದಕ್ಕೆ ಬಂತು. ಎರಡನೆಯದರ ನಡುವೆ ಹದಿನಾಲ್ಕು. ನಾನು ಅಲ್ಲೇ ನಿಂತುಬಿಟ್ಟೆ. ಹದಿಮೂರೂವರೆಗೆ ಬಂದು ಅದೂ ನಿಂತಿತು.

ತಿರುಗಿ ಮನೆಗೆ ಬಂದೆ. ಹಿತ್ತಲಿನ ಆ ಗೋಡೆಗೆ ಅಂಗೈ ಇಟ್ಟೆ. ಗೋಡೆ ಬೆಚ್ಚಗಿತ್ತು. ಒಳಗೆ ಹೋಗಿ ನೋಡಿದರೆ ಬಚ್ಚಲ ಒಲೆ ಆ ಗೋಡೆಗೇ ಒತ್ತಿಕೊಂಡಿತ್ತು, ಹಂಡೆಯ ಅಡಿಯಲ್ಲಿ ತೆಂಗಿನ ಸಿಪ್ಪೆಯ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಒಲೆ ಅಲ್ಲಿರುವುದು ನನಗೆ ಗೊತ್ತಿರಲಿಲ್ಲವೇ? ನಾನು ಹುಟ್ಟುವ ಮೊದಲಿಂದ ಅದು ಅಲ್ಲೇ ಉಂಟು.

ಹೆಂಡತಿ ಒದ್ದೆ ಕೂದಲಿಗೆ ಬೈರಾಸು ಸುತ್ತಿಕೊಂಡು, ಕೈಯಲ್ಲಿ ದೇವಸ್ಥಾನದ ಪ್ರಸಾದ ಹಿಡಿದುಕೊಂಡು ಆಗತಾನೇ ಬಂದಿದ್ದಳು.

"ಒಲೆಗೆ ಬೆಂಕಿ ಹಾಕುದು ಎಷ್ಟು ಗಂಟೆಗೆ?" ಎಂದು ಕೇಳಿದೆ.

"ನಾಲ್ಕೂವರೆಗೆ. ಧನುಪೂಜೆಗೆ ಹೋಗ್ಲಿಕ್ಕೆ ಮಿಂದು ಹೊರಡ್ಬೇಕಲ್ಲ."

"ಮೊದ್ಲು?"

"ಮೊದ್ಲು ಎಲ್ಲ ಏಳು ಗಂಟೆಗೆ. ಯಾಕೆ?"

"ಇವತ್ತು ಎಷ್ಟು ಹಾಕಿದ್ದಿ?"

"ಇವತ್ತು ಚಳಿ ಜೋರು ಇತ್ತಲ್ಲ, ಎರಡು ಬುಟ್ಟಿ ಹಾಕಿದೆ. ಎಂತ ಆಯ್ತು ಇವ್ರೆ, ಮುಖ ಯಾಕೆ ಹಾಗೆ?"

ನಾನು ಅಂಗಳದ ಮೆಟ್ಟಿಲ ಮೇಲೆ ಕೂತೆ. ಚಳಿ ಹೆಚ್ಚಾದಷ್ಟೂ ಅವಳು ಒಲೆಗೆ ಹೆಚ್ಚು ತುಂಬುತ್ತಿದ್ದಳು. ಅವಳು ಹೆಚ್ಚು ತುಂಬಿದಷ್ಟೂ ನನ್ನ ಥರ್ಮಾಮೀಟರು ಹದಿನೇಳರಲ್ಲೇ ನಿಲ್ಲುತ್ತಿತ್ತು. ಘಟ್ಟದ ಗಾಳಿ ಎಂದು ನಾನು ಮೂರು ತಾಲೂಕಿಗೆ ಪಾಠ ಹೇಳಿದ್ದು ನನ್ನ ಹೆಂಡತಿಯ ಬಚ್ಚಲ ಬೆಂಕಿಯನ್ನು. ನಗು ಬರಬೇಕಿತ್ತು. ಅರುವತ್ತೆರಡು ಮರಿ ಗೋಣಿಯ ಮೇಲಿರುವಾಗ ನಗು ಬರಲಿಲ್ಲ, ಅಳು ಬಂತು. ಅವಳು ಪ್ರಸಾದವನ್ನು ಕೆಳಗಿಟ್ಟು ಪಕ್ಕದಲ್ಲಿ ನಿಂತಳು.

ಮತ್ತೆ ಶೆಡ್ಡಿಗೆ ಹೋಗುವಾಗ ಮೈದುನ ಬಂದಾಗಿತ್ತು. ಅವನ ಕೈಯಲ್ಲಿ ಅಳತೆಯ ಟೇಪಿತ್ತು. ಅಕ್ಕ ಒಳಗಿರುವಾಗಲೇ ಅವನು ಹೊರಗೆ ಕಂಬದಿಂದ ಕಂಬಕ್ಕೆ ಟೇಪು ಹಿಡಿದು ನೋಡುತ್ತಿದ್ದ.

"ನಾನು ಮೊದ್ಲೇ ಹೇಳಿದ್ದೆ. ಚಳಿಗೆ ಮರಿ ನೋಡ್ಕೊಳ್ಳಿಕ್ಕೆ ಗೊತ್ತಿಲ್ಲದವ್ರಿಗೆ ಇದೆಲ್ಲ ಯಾಕೆ?" ಎಂದ ನನ್ನೊಡನೆ.

"ತಪ್ಪು ಅಕ್ಕಂದಲ್ಲ. ಕೆಂಡ ಬೇಡ ಅಂತ ಹೇಳಿದ್ದು ನಾನು."

"ಬಿಡಿ ಮಾರಾಯ್ರೆ. ನೀವು ಅವ್ರ ಪರ ಮಾತಾಡುದು ಬೇಡ."

ಅವನು ನಂಬಲಿಲ್ಲ. ಅಕ್ಕನನ್ನು ಕಾಪಾಡಲು ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ತಿಳಿದ. ಅವನೂ ನಮ್ಮ ಗುಂಪಿನಲ್ಲಿದ್ದಾನೆ, ನನ್ನ ಸಿದ್ಧಾಂತಕ್ಕೆ ಹೆಬ್ಬೆರಳು ಒತ್ತಿದವರಲ್ಲಿ ಅವನೂ ಒಬ್ಬ. ಬೇರೆ ದಾರಿ ಕಾಣಲಿಲ್ಲ. ಮನೆಗೆ ಹೋಗಿ ಮೊಳೆಯ ಫೋಟೋ, ಅದರ ಹಿಂದಿನ ಒಲೆಯ ಫೋಟೋ ಎರಡನ್ನೂ ತೆಗೆದು, ನಡೆದದ್ದನ್ನು ಒಂದು ಅಕ್ಷರ ಬಿಡದೆ ಗುಂಪಿನಲ್ಲಿ ಬರೆದೆ. ಅಕ್ಕ ಕೇಳಿದ್ದು, ನಾನು ಕೆಂಡ ಬೇಡ ಎಂದದ್ದು, ಕೊನೆಗೆ ಸೇರಿಸಿದ ಅರ್ಧ ಡಿಗ್ರಿ, ಎಲ್ಲವೂ. ಬರೆದು ಕಳಿಸುವ ಗುಂಡಿ ಒತ್ತಲು ನನಗೆ ಬಹಳ ಹೊತ್ತು ಬೇಕಾಯಿತು.

ಆಮೇಲೆ ಕೇಳಬೇಕೇ? "ಬಚ್ಚಲು ಹವಾಮಾನ ಕೇಂದ್ರ" ಎಂದು ಒಬ್ಬರು ಹೆಸರಿಟ್ಟರು. "ನಾಳೆಯ ಹಂಡೆ ವರದಿ ಎಂತ?" ಎಂದು ಪುತ್ತೂರಿನವರೊಬ್ಬರು ಕೇಳಿದರು. ಸಂಜೆಯ ಹೊತ್ತಿಗೆ ಅದು ಸುಳ್ಯದ ಪೇಟೆಯಲ್ಲೆಲ್ಲ ಓಡಾಡಿ ನನ್ನ ಅಂಗಡಿಯ ಮುಂದೆಯೂ ಹಾದುಹೋಯಿತು. ಕಡಬದ ಮಾಷ್ಟ್ರು ಮಾತ್ರ, "ಅಳತೆ ತಪ್ಪುದು ದೊಡ್ಡದಲ್ಲ, ಬರೆದದ್ದು ಒಳ್ಳೇದಾಯ್ತು" ಎಂದು ಹಾಕಿದರು. ಮೈದುನ ಏನೂ ಬರೆಯಲಿಲ್ಲ. ಆದರೆ ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ, "ಇನ್ನೊಂದು ಬ್ಯಾಚ್ ನೋಡುವ" ಎಂದು ಹೇಳಿಬಂದನಂತೆ. ಮೂರು ತಾಲೂಕಿಗೆ ಗೊತ್ತಾದ ಮೇಲೆ ತಪ್ಪನ್ನು ಅತ್ತಿಗೆಯ ತಲೆಗೆ ಕಟ್ಟಲು ಅವನಿಗೂ ಮುಖವಿರಲಿಲ್ಲ.

ಸಂಜೆ ಬೇಗ ಅಂಗಡಿ ಮುಚ್ಚಿ ಒಂದು ಚೀಲ ತೆಂಗಿನ ಗೆರಟೆಯ ಇದ್ದಿಲು ಹೊತ್ತುಕೊಂಡು ಶೆಡ್ಡಿಗೆ ಹೋದೆ. ಮರುದಿನವೂ ಅಷ್ಟೇ ಚಳಿ ಎಂದು ಯುರೋಪು ಹೇಳುತ್ತಿತ್ತು. ಅಕ್ಕ ನಾಳೆ ಎಷ್ಟು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ತೂತು ಮಾಡಿದ ಬಕೆಟಿಗೆ ಇಬ್ಬರೂ ಸೇರಿ ಇದ್ದಿಲು ತುಂಬಿದೆವು. ಉಳಿದ ಮರಿಗಳು ಬಲ್ಬಿನ ಕೆಳಗೆ ಕಾಳು ಹೆಕ್ಕುತ್ತಿದ್ದವು. ಒಂದಷ್ಟು ಧೈರ್ಯ ತಂದುಕೊಂಡು, "ತಪ್ಪಾಯ್ತು ಅಕ್ಕ. ನಾನು ಹಾಗೆ ಹೇಳ್ಬಾರ್ದಿತ್ತು" ಎಂದೆ.

ಅಕ್ಕ ಬಕೆಟಿನ ಹೊರಗೆ ಬಿದ್ದ ಇದ್ದಿಲನ್ನು ಹೆಕ್ಕಿ ಒಳಗೆ ಹಾಕಿದರು.

"ನಿಮ್ಮ ಮೇಲೆ ಸಿಟ್ಟಿಲ್ಲ ಅಣ್ಣ, ನನ್ನ ಮೇಲೆ ಸಿಟ್ಟು" ಎಂದರು. "ನಿನ್ನೆ ರಾತ್ರಿ ಮಲಗುವ ಮೊದ್ಲು ಮರಿಗೆ ನೀರಿಡುವಾಗ ನನ್ನ ಕೈ ಮರಗಟ್ಟಿತ್ತು. ಇವತ್ತು ಚಳಿ ಜೋರುಂಟು ಅಂತ ನಂಗೆ ಗೊತ್ತಾಗಿತ್ತು. ಇದ್ದಿಲು ಹಾಕಿ, ಕಡ್ಡಿ ಗೀರಿಯೂ ಆಗಿತ್ತು. ಆಗ ನಿಮ್ಮ ಮೆಸೇಜು ಬಂತು. ಓದಿ ಕಡ್ಡಿ ಊದಿ ಬಿಸಾಡಿದೆ."

ಅಕ್ಕ ಬೆಂಕಿಪೆಟ್ಟಿಗೆ ತೆಗೆದು, ಕಡ್ಡಿ ಗೀರಿ, ಬಗ್ಗಿ ಇದ್ದಿಲಿಗೆ ಹಿಡಿದರು.